ಒಂಬತ್ತು ಯೂರೋ ಊಟ ಮತ್ತು ಮುಚ್ಚಿದ ಪಬ್‌ಗಳು: ಕೋವಿಡ್ ಕಾಲದಲ್ಲಿ ಐರ್ಲೆಂಡ್ ಮಾಡಿದ್ದು ಸರಿಯೇ?

ಲಿಫಿ ದಂಡೆ (ಡಬ್ಲಿನ್)

ಕೋವಿಡ್ ಕಾಲದ ತೀರ್ಮಾನಗಳನ್ನು ಪರಿಶೀಲಿಸಲು ಐರ್ಲೆಂಡ್ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಪ್ರೊ. ಆ್ಯನ್ ಸ್ಕಾಟ್ ಅವರ ಅಧ್ಯಕ್ಷತೆಯಲ್ಲಿ ಮೌಲ್ಯಮಾಪನ ಸಮಿತಿಯೊಂದನ್ನು ಘೋಷಿಸಿದಾಗಿನಿಂದ ನಮ್ಮ ಕಚೇರಿಯ ಊಟದ ಮೇಜಿನಲ್ಲಿ ಹಳೆಯ ಜಗಳ ಮತ್ತೆ ಎದ್ದಿದೆ. ಶಾಲೆಗಳನ್ನು ಮುಚ್ಚಿದ್ದರ ಬಗ್ಗೆ, ಅಂತ್ಯಕ್ರಿಯೆಗೆ ಹತ್ತೇ ಜನ ಎಂದು ಕಟ್ಟಪ್ಪಣೆ ಮಾಡಿದ್ದರ ಬಗ್ಗೆ ತಣ್ಣಗೆ ಮಾತನಾಡುವ ಐರಿಷ್ ಸಹೋದ್ಯೋಗಿಗಳು ಪಬ್ಬಿನ ವಿಷಯ ಬಂದೊಡನೆ ದನಿ ಏರಿಸುತ್ತಾರೆ. ನಾನು ಕುಡಿಯುವವನಲ್ಲ. ಆದರೂ ಆ ಎರಡು ವರ್ಷ ಇಲ್ಲೇ ಇದ್ದು ಎಲ್ಲವನ್ನೂ ನೋಡಿದವನಾದ್ದರಿಂದ ನನ್ನ ಅಭಿಪ್ರಾಯವನ್ನು ಮುಂದಿಡುತ್ತಿದ್ದೇನೆ. ಒಪ್ಪದವರು ದಯವಿಟ್ಟು ಕಾರಣ ಕೊಟ್ಟು ಬರೆಯಿರಿ.

ಪಬ್‌ಗಳನ್ನು ಮುಚ್ಚಿದ್ದರ ಬಗ್ಗೆ ನನ್ನ ತಕರಾರಿಲ್ಲ. 2020ರ ಮಾರ್ಚ್ 12ರಂದು ಪ್ರಧಾನಿ ಲಿಯೊ ವರಾಡ್ಕರ್ ವಾಷಿಂಗ್ಟನ್‌ನಿಂದಲೇ ಶಾಲಾ ಕಾಲೇಜುಗಳನ್ನು ಮುಚ್ಚುವ ಘೋಷಣೆ ಮಾಡಿದಾಗ ಪಬ್‌ಗಳು ಆ ಪಟ್ಟಿಯಲ್ಲಿರಲಿಲ್ಲ. ಎರಡು ದಿನದ ಬಳಿಕ, ಶನಿವಾರ ರಾತ್ರಿ, ಡಬ್ಲಿನ್ನಿನ ಟೆಂಪಲ್ ಬಾರ್ ಎಂಬ ಪ್ರದೇಶದ ಪಬ್ಬೊಂದರಲ್ಲಿ ಜನ ಒತ್ತೊತ್ತಾಗಿ ನಿಂತು ಹಾಡುತ್ತಿದ್ದ ವಿಡಿಯೊ ಹರಿದಾಡಿ ದೇಶವೆಲ್ಲ ಕೆರಳಿತು. ಮರುದಿನ, ಅಂದರೆ 15ರ ಭಾನುವಾರ, ಸಂತ ಪ್ಯಾಟ್ರಿಕ್ ದಿನಾಚರಣೆಗೆ ಎರಡೇ ದಿನ ಇರುವಾಗ, ಸುಮಾರು 7,000 ಪಬ್‌ಗಳು ಬಾಗಿಲು ಹಾಕಿದವು. ಡಬ್ಲಿನ್ನಿನ ಮಾಲೀಕರನ್ನು ಪ್ರತಿನಿಧಿಸುವ ಎಲ್‌ವಿಎ, ಉಳಿದ ದೇಶದ ಮಾಲೀಕರ ವಿಎಫ್‌ಐ, ಎರಡೂ ಸಂಘಗಳು ಪಬ್ಬಿನೊಳಗೆ ಅಂತರ ಕಾಪಾಡುವುದು ಆಗದ ಮಾತು ಎಂದು ಸರ್ಕಾರಕ್ಕೆ ತಾವೇ ತಿಳಿಸಿದ್ದವು. ಆ ವಾರ ವಿರೋಧವೆಂಬುದೇ ಇರಲಿಲ್ಲ ಎಂದರೂ ನಡೆಯುತ್ತದೆ.

ಜಗಳ ಹುಟ್ಟಿದ್ದು ತೆರೆಯುವಾಗ. ಜೂನ್ 29ರಂದು ಊಟ ಕೊಡುವ ಪಬ್‌ಗಳಿಗೆ ಮಾತ್ರ ಅನುಮತಿ ಸಿಕ್ಕಿತು. ಗಿರಾಕಿ ಕನಿಷ್ಠ 9 ಯೂರೋ ಬೆಲೆಯ ‘ಗಣನೀಯ ಊಟ’ವನ್ನು ತರಿಸಿಕೊಂಡರೆ ಮಾತ್ರ ಪಿಂಟ್ (ದೊಡ್ಡ ಲೋಟದ ಬಿಯರ್) ಕೊಡಬಹುದು, ಮೇಜುಗಳ ನಡುವೆ ಎರಡು ಮೀಟರ್ ಬದಲು ಒಂದೇ ಮೀಟರ್ ಇದ್ದರೆ 105 ನಿಮಿಷದಲ್ಲಿ ಎದ್ದು ಹೋಗಬೇಕು. ಗಣನೀಯ ಊಟ ಎಂಬ ಕಲ್ಪನೆ 1962ರ ಮದ್ಯ ಕಾಯ್ದೆಯಷ್ಟು ಹಳೆಯದು. ವೈರಸ್ಸಿಗೂ ಅದಕ್ಕೂ ಸಂಬಂಧವಿಲ್ಲ. ಅಡುಗೆಮನೆ ಇಲ್ಲದ ಪಬ್‌ಗಳಿಗೆ ಮೊದಲು ಜುಲೈ 20 ಎಂದರು, ಆಮೇಲೆ ಆಗಸ್ಟ್ 10, ಆಮೇಲೆ ಆಗಸ್ಟ್ 31. ಕೊನೆಗೆ ಸೆಪ್ಟೆಂಬರ್ 21ರಂದು ಡಬ್ಲಿನ್ ಬಿಟ್ಟು ಉಳಿದೆಡೆ ಬಾಗಿಲು ತೆರೆಯಿತು, ಹೆಚ್ಚು ದಿನ ಉಳಿಯಲಿಲ್ಲ. ಡಬ್ಲಿನ್ನಿನಲ್ಲಿ ಅಡುಗೆಮನೆ ಇಲ್ಲದ ಪಬ್ಬೊಂದು 2020ರ ಮಾರ್ಚ್ 15ರಂದು ಹಾಕಿದ ಬೀಗವನ್ನು ತೆಗೆದದ್ದು 2021ರ ಜೂನ್ 7ಕ್ಕೆ, ಅದೂ ಹೊರಾಂಗಣವಿದ್ದರೆ. ಒಳಗೆ ಕೂರಿಸಲು ಜುಲೈ 26ರವರೆಗೆ ಕಾಯಬೇಕಾಯಿತು. ಇಂಗ್ಲೆಂಡಿನ ಪಬ್‌ಗಳು ಒಳಗೇ ಗಿರಾಕಿಗಳನ್ನು ಕೂರಿಸಿಕೊಂಡದ್ದು 2020ರ ಜುಲೈ 4ರಂದು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಒಂದೇ ರಸ್ತೆಯ ಎರಡು ಬದಿಯಲ್ಲಿರುವ ಎರಡು ಪಬ್‌ಗಳಲ್ಲಿ ಒಂದಕ್ಕೆ ಎಣ್ಣೆಯ ಬಾಣಲೆ ಇದೆ, ಇನ್ನೊಂದಕ್ಕೆ ಇಲ್ಲ ಎಂಬ ಕಾರಣಕ್ಕೆ ಒಂದು ಸುರಕ್ಷಿತ, ಇನ್ನೊಂದು ಅಪಾಯಕಾರಿ ಎಂದು ಸರ್ಕಾರ ವಿಂಗಡಿಸಿತು. ಜನ ನಿಯಮಗಳನ್ನು ನಂಬುವುದನ್ನು ಬಿಟ್ಟದ್ದು ಅಲ್ಲಿಂದ ಎಂಬುದು ನನ್ನ ವಾದ.


ರಾತ್ರಿಪಾಳಿ (ಲಿಮರಿಕ್)

ಲಿಫಿ ದಂಡೆಯವರ ದಿನಾಂಕಗಳನ್ನೆಲ್ಲ ಒಪ್ಪುತ್ತೇನೆ, ತೀರ್ಮಾನವನ್ನು ಒಪ್ಪುವುದಿಲ್ಲ. ನಾನು ಆಸ್ಪತ್ರೆಯಲ್ಲಿ ನರ್ಸ್. ಆ ಅವಧಿಯುದ್ದಕ್ಕೂ ವಾರ್ಡಿನಲ್ಲೇ ಇದ್ದವಳು.

ಊಟದ ನಿಯಮ ನಗೆಪಾಟಲಿಗೆ ಈಡಾಯಿತು ನಿಜ. ಗಿರಾಕಿಗಳು ಏನು ತಿಂದರೆಂಬ ದಾಖಲೆಯನ್ನು 28 ದಿನ ಇಟ್ಟುಕೊಳ್ಳಬೇಕು ಎಂದು ಸೆಪ್ಟೆಂಬರ್‌ನಲ್ಲಿ ಹೊಸ ಸೂಚನೆ ಬಂದಾಗ ನಾವೂ ವಿರಾಮದ ಕೋಣೆಯಲ್ಲಿ ನಕ್ಕಿದ್ದೇವೆ. ಆದರೆ ನಿಯಮದ ಹಿಂದಿದ್ದ ಯೋಚನೆ ಮೂರ್ಖತನದ್ದಲ್ಲ. ಊಟಕ್ಕೆ ಬಂದವರು ಕುಳಿತುಕೊಳ್ಳುತ್ತಾರೆ, ತಮ್ಮ ಜೊತೆಗೆ ಬಂದವರೊಡನೆ ಮಾತ್ರ ಮಾತನಾಡುತ್ತಾರೆ, ಮುಗಿದ ಮೇಲೆ ಏಳುತ್ತಾರೆ. ಕುಡಿಯಲೆಂದೇ ಬಂದವರು ನಿಲ್ಲುತ್ತಾರೆ, ಓಡಾಡುತ್ತಾರೆ, ಪರಿಚಯವಿಲ್ಲದವರ ಹೆಗಲ ಮೇಲೆ ಕೈ ಹಾಕುತ್ತಾರೆ, ಸಂಗೀತ ಜೋರಾದಷ್ಟೂ ಕಿವಿಯ ಹತ್ತಿರ ಬಾಯಿ ತಂದು ಕೂಗಿ ಮಾತನಾಡುತ್ತಾರೆ. ಮೂರನೆಯ ಪಿಂಟಿನ ನಂತರ ಎರಡು ಮೀಟರ್ ಅಂತರದ ನೆನಪು ಯಾರಿಗೂ ಇರುವುದಿಲ್ಲ. ಇದು ಕುಡಿಯುವವರ ನಿಂದನೆಯಲ್ಲ, ಆಲ್ಕೊಹಾಲ್ ಮಿದುಳಿನ ಮೇಲೆ ಮಾಡುವ ಕೆಲಸವೇ ಅದು.

ಆ ಹೊತ್ತಿಗೆ ಸರ್ಕಾರದ ಮುಂದೆ ಉದಾಹರಣೆಗಳೂ ಇದ್ದವು. 2020ರ ಮಾರ್ಚ್‌ನಲ್ಲಿ ಆಸ್ಟ್ರಿಯಾದ ಇಷ್ಗ್ಲ್ ಎಂಬ ಸ್ಕೀಯಿಂಗ್ ಊರಿನ ಬಾರುಗಳಿಂದ ಸೋಂಕು ಯುರೋಪಿನ ಹಲವು ದೇಶಗಳಿಗೆ ಹೋಗಿತ್ತು. ಸೋಂಕನ್ನು ಅತ್ಯಂತ ಶಿಸ್ತಿನಿಂದ ನಿಯಂತ್ರಿಸಿದ್ದ ದಕ್ಷಿಣ ಕೊರಿಯಾದಲ್ಲಿ ಮೇ ತಿಂಗಳಿನಲ್ಲಿ ಸೋಲ್ ನಗರದ ಇಟೇವಾನ್ ಪ್ರದೇಶದ ಕ್ಲಬ್ಬುಗಳಿಂದಲೇ ಇನ್ನೂರಕ್ಕೂ ಹೆಚ್ಚು ಪ್ರಕರಣಗಳು ಹೊಮ್ಮಿದವು. ಇವನ್ನು ನೋಡಿದ ಯಾವ ಆರೋಗ್ಯಾಧಿಕಾರಿ ತಾನೇ ‘ಎಲ್ಲ ಪಬ್‌ಗಳನ್ನೂ ಒಟ್ಟಿಗೆ ತೆರೆಯಿರಿ’ ಎಂದು ಸಲಹೆ ಕೊಡುತ್ತಿದ್ದರು?

ಇನ್ನು 2020ರ ಡಿಸೆಂಬರ್. ಮನೆಮನೆಗಳ ನಡುವಿನ ಭೇಟಿಗೆ ಅವಕಾಶ ಕೊಡುವುದಾದರೆ ಹೋಟೆಲು, ಪಬ್‌ಗಳನ್ನು ಮುಚ್ಚಿಯೇ ಇಡಿ ಎಂದು ರಾಷ್ಟ್ರೀಯ ಸಾರ್ವಜನಿಕ ಆರೋಗ್ಯ ತುರ್ತು ತಂಡ, ಎಂದರೆ ಎಲ್ಲರೂ ‘ನೆಫೆಟ್’ ಎನ್ನುತ್ತಿದ್ದ ತಂಡ, ಹೇಳಿತ್ತು. ಸರ್ಕಾರ ಎರಡಕ್ಕೂ ಅವಕಾಶ ಕೊಟ್ಟಿತು. ಡಿಸೆಂಬರ್ 4ರಂದು ಊಟದ ಪಬ್‌ಗಳು ತೆರೆದವು, 24ರ ಮಧ್ಯಾಹ್ನ ಮೂರಕ್ಕೆ ಮತ್ತೆ ಮುಚ್ಚಿದವು. ಜನವರಿ 8ರಂದು ಒಂದೇ ದಿನ 8,000ಕ್ಕೂ ಹೆಚ್ಚು ಪ್ರಕರಣಗಳು ವರದಿಯಾದವು. ತಿಂಗಳ ಮಧ್ಯದಲ್ಲಿ ಆಸ್ಪತ್ರೆಗಳಲ್ಲಿದ್ದ ಕೋವಿಡ್ ರೋಗಿಗಳ ಸಂಖ್ಯೆ 2,000 ದಾಟಿತು. ಬ್ರಿಟನ್ನಿನಿಂದ ಬಂದ ಹೊಸ ತಳಿಯ ಪಾತ್ರವೂ ಇತ್ತು, ಎಲ್ಲವನ್ನೂ ಪಬ್ಬಿನ ತಲೆಗೆ ಕಟ್ಟುತ್ತಿಲ್ಲ. ಆದರೆ ಆ ಜನವರಿಯಲ್ಲಿ ಎರಡು ಜೊತೆ ಕೈಗವಸು ತೊಟ್ಟು, ರೋಗಿಯ ಮಗಳು ವಿಡಿಯೊ ಕರೆಯಲ್ಲಿ ಮಾತನಾಡಲೆಂದು ಟ್ಯಾಬ್ಲೆಟ್ಟನ್ನು ಮುಖದ ಮುಂದೆ ಹಿಡಿದು ನಿಂತವರಿಗೆ ಒಂಬತ್ತು ಯೂರೋ ಊಟದ ಅನ್ಯಾಯ ಅಷ್ಟೇನೂ ದೊಡ್ಡದಾಗಿ ಕಾಣುವುದಿಲ್ಲ.


ಕೆರ್ರಿಯ ಮಳೆ

ರಾತ್ರಿಪಾಳಿಯವರ ಮಾತಿಗೆ ಎದುರಾಡುವುದು ಸುಲಭವಲ್ಲ. ಆದರೂ ಅವರು ವರ್ಣಿಸುತ್ತಿರುವುದು ನಗರದ ಪಬ್ಬು ಎಂಬುದನ್ನು ಹೇಳಲೇಬೇಕು. ಸಂಗೀತದ ಅಬ್ಬರ, ಅಪರಿಚಿತರ ನೂಕುನುಗ್ಗಲು ಇವೆಲ್ಲ ಡಬ್ಲಿನ್, ಗಾಲ್ವೇಗಳ ಕಥೆ. ನಾನಿರುವುದು ಐರ್ಲೆಂಡಿನ ನೈಋತ್ಯ ಮೂಲೆಯ ಹಳ್ಳಿಯಲ್ಲಿ. ಹೆಂಡತಿಗೆ ಇಲ್ಲಿನ ವೃದ್ಧಾಶ್ರಮದಲ್ಲಿ ಕೆಲಸ.

ನಮ್ಮೂರಿನ ಪಬ್ಬಿಗೆ ಅಡುಗೆಮನೆ ಇಲ್ಲ. ಮುಂಭಾಗದಲ್ಲಿ ಸಣ್ಣ ದಿನಸಿ ಅಂಗಡಿ, ಹಿಂದೆ ಕೌಂಟರು, ಅದರಾಚೆ ಪೀಟ್ ಇಟ್ಟಿಗೆ (ಜೌಗು ನೆಲದಿಂದ ಕಡಿದು ಒಣಗಿಸಿದ ಉರುವಲು ಮಣ್ಣು) ಉರಿಯುವ ಒಲೆ. ಇಂಥ ಪಬ್‌ಗಳ ಮಾಲೀಕರೇ ಊರಿನ ಶವಸಂಸ್ಕಾರದ ವ್ಯವಸ್ಥಾಪಕರೂ ಆಗಿರುವುದು ಐರ್ಲೆಂಡಿನ ಹಳ್ಳಿಗಾಡಿನಲ್ಲಿ ಹಿಂದೆ ಸಾಮಾನ್ಯ ಸಂಗತಿಯಾಗಿತ್ತು, ಈಗಲೂ ಅಲ್ಲಲ್ಲಿ ಉಂಟು. ವಾರದ ದಿನಗಳಲ್ಲಿ ಅಲ್ಲಿಗೆ ಬರುವವರು ಏಳೆಂಟು ಜನ. ಬಹುಪಾಲು ಮದುವೆಯಾಗದ ಮುದುಕ ರೈತರು, ಕುರಿ ಸಾಕುವವರು. ಇಡೀ ದಿನ ಮನುಷ್ಯರ ಮುಖ ಕಾಣದವರು ಸಂಜೆ ಒಂದೂವರೆ ಪಿಂಟ್ ಕುಡಿದು, ಕುರಿಯ ಧಾರಣೆ ಮಾತನಾಡಿ, ಪತ್ರಿಕೆಯ ಮರಣವಾರ್ತೆಯ ಪುಟ ನೋಡಿ ಮನೆಗೆ ಹೋಗುತ್ತಾರೆ. ಇವರು ಕೂರುವ ಜಾಗಗಳ ನಡುವಿನ ಅಂತರ ಕೋವಿಡ್‌ಗೆ ಮೊದಲೇ ಎರಡು ಮೀಟರಿಗಿಂತ ಹೆಚ್ಚಿತ್ತು.

ಒಂದು ಪದ್ಧತಿಯನ್ನು ಇಲ್ಲಿ ವಿವರಿಸಬೇಕು, ಏಕೆಂದರೆ ನಿಯಮ ಬರೆದವರು ಅದನ್ನು ತಿಳಿದೂ ಮರೆತರು. ಐದು ಜನ ಒಟ್ಟಿಗೆ ಕುಳಿತರೆ ಮೊದಲನೆಯವನು ಐವರಿಗೂ ಪಿಂಟ್ ಕೊಡಿಸುತ್ತಾನೆ, ಮುಂದಿನ ಸರದಿ ಎರಡನೆಯವನದು. ತನ್ನ ಸರದಿ ತೀರಿಸದೆ ಎದ್ದು ಹೋಗುವುದು ದೊಡ್ಡ ಅವಮಾನ, ವರ್ಷಗಟ್ಟಲೆ ಆ ಮಾತು ಊರಿನಲ್ಲಿ ಉಳಿಯುತ್ತದೆ. ಈ ರೌಂಡಿನ ಕಟ್ಟುಪಾಡು ಇರುವ ಜಾಗಕ್ಕೆ 105 ನಿಮಿಷದ ಗಡುವು ತಂದರೆ ಏನಾಗುತ್ತದೆ? ಎರಡೇ ಆಗುತ್ತದೆ: ಐದು ರೌಂಡನ್ನು ಅವಸರದಲ್ಲಿ ಮುಗಿಸುವುದು, ಅಥವಾ ಅಂಗಡಿಯಿಂದ ಕ್ಯಾನುಗಳನ್ನು ತಂದು ಯಾರದೋ ಕೊಟ್ಟಿಗೆಯಲ್ಲಿ ಕೂರುವುದು. ಕೊಟ್ಟಿಗೆಯಲ್ಲಿ ಕೌಂಟರು ಕಟ್ಟಿಕೊಂಡವರು ನಮ್ಮ ಸುತ್ತಮುತ್ತಲೇ ಇದ್ದರು. ಅಲ್ಲಿ ಕಿಟಕಿಯೂ ಇಲ್ಲ, ‘ನಿನಗಿಂದು ಸಾಕು, ಮನೆಗೆ ಹೋಗು’ ಎನ್ನುವ ಮಾಲೀಕನೂ ಇಲ್ಲ.

ಮಾಲೀಕನ ಈ ಕೆಲಸವನ್ನು ಯಾವ ವರದಿಯೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಯಾರಿಗೆ ಎಷ್ಟು ಕೊಡಬೇಕು, ಯಾರು ಎರಡು ದಿನದಿಂದ ಬಂದಿಲ್ಲ, ಯಾರನ್ನು ಕಾರಿನಲ್ಲಿ ಮನೆಗೆ ಬಿಟ್ಟು ಬರಬೇಕು ಎಂಬುದೆಲ್ಲ ಅವನಿಗೆ ಗೊತ್ತಿರುತ್ತದೆ. ಮುಚ್ಚಿದ್ದಕ್ಕೆ ನನಗೆ ಬೇಸರವಿಲ್ಲ. ಎಂಟು ಮುದುಕರ ಪಬ್ಬಿಗೂ ಟೆಂಪಲ್ ಬಾರ್‌ಗೂ ಒಂದೇ ಅಳತೆಗೋಲು ಹಿಡಿದದ್ದಕ್ಕೆ ಬೇಸರವಿದೆ.


ಮಲ್ಲೇಶ್ವರದವ (ಬೆಂಗಳೂರು)

ಹೊರಗಿನಿಂದ ಒಂದು ಮಾತು. ನಮ್ಮಲ್ಲಿ ಜಗಳ ತಿರುಗುಮುರುಗಾಗಿತ್ತು. ಲಾಕ್‌ಡೌನ್ ಆರಂಭದಿಂದ ಮದ್ಯದಂಗಡಿಗಳೂ ಪೂರ್ತಿ ಬಂದ್ ಆಗಿದ್ದವು. 2020ರ ಮೇ 4ರಂದು ಅಂಗಡಿಗಳನ್ನು ತೆರೆದಾಗ ಮೊದಲ ದಿನ 45 ಕೋಟಿ ರೂಪಾಯಿ, ಮರುದಿನ 197 ಕೋಟಿ ರೂಪಾಯಿ ವಹಿವಾಟಾಯಿತು. ಕಿಲೋಮೀಟರುಗಟ್ಟಲೆ ಸಾಲುಗಳ ಚಿತ್ರಗಳನ್ನು ಎಲ್ಲರೂ ನೋಡಿದ್ದೀರಿ. ಬಾರು, ಪಬ್ಬುಗಳಲ್ಲಿ ಕುಳಿತು ಕುಡಿಯಲು ಅವಕಾಶ ಸಿಕ್ಕಿದ್ದು ಸೆಪ್ಟೆಂಬರ್ 1ಕ್ಕೆ. ಇಲ್ಲಿ ‘ಏಕೆ ಮುಚ್ಚಿದಿರಿ’ ಎಂದು ಕೇಳಿದವರು ಕಡಿಮೆ, ‘ದೇವಸ್ಥಾನಕ್ಕೂ ಮೊದಲು ಮದ್ಯದಂಗಡಿಯನ್ನು ಏಕೆ ತೆರೆದಿರಿ’ ಎಂದು ಕೇಳಿದವರೇ ಹೆಚ್ಚು. ಅಬಕಾರಿ ವರಮಾನವೇ ಉತ್ತರ ಎಂಬುದು ಕೇಳಿದವರಿಗೂ ಗೊತ್ತಿತ್ತು. ಐರ್ಲೆಂಡಿನಲ್ಲಿ ಬಾಟಲಿ ಮಾರುವ ಅಂಗಡಿಗಳು ಒಂದು ದಿನವೂ ಮುಚ್ಚಲಿಲ್ಲವೆಂದಾದರೆ, ಅಲ್ಲಿ ನಿಷೇಧಕ್ಕೆ ಒಳಗಾದದ್ದು ಕುಡಿತವಲ್ಲ, ಕೂಟ ಎಂದು ತಿಳಿಯಬಹುದೇ?


ಲೆಕ್ಕಿಗ (ಡಬ್ಲಿನ್)

ಮಲ್ಲೇಶ್ವರದವರ ಪ್ರಶ್ನೆಗೆ ಅಂಕಿಗಳಲ್ಲೇ ಉತ್ತರವಿದೆ. ಇಲ್ಲಿನ ಕಂದಾಯ ಇಲಾಖೆಯ ಸುಂಕದ ಲೆಕ್ಕದ ಪ್ರಕಾರ ವಯಸ್ಕ ವ್ಯಕ್ತಿಯೊಬ್ಬನ ಸರಾಸರಿ ಮದ್ಯ ಸೇವನೆ, ಶುದ್ಧ ಆಲ್ಕೊಹಾಲಿನ ಅಳತೆಯಲ್ಲಿ, 2019ರಲ್ಲಿ 11 ಲೀಟರಿಗೆ ಸಮೀಪವಿದ್ದುದು 2020ರಲ್ಲಿ 10 ಲೀಟರಿನ ಆಸುಪಾಸಿಗೆ ಇಳಿಯಿತು. ಪಬ್‌ಗಳು ವರ್ಷದ ಬಹುಭಾಗ ಮುಚ್ಚಿದ್ದರೂ ಇಳಿಕೆ ಇಷ್ಟೇ. ಬಿಯರ್ ಗಣನೀಯವಾಗಿ ತಗ್ಗಿತು, ವೈನ್ ಏರಿತು. ಎಂದರೆ ಕುಡಿತ ಪಬ್ಬಿನಿಂದ ಮನೆಯ ಸೋಫಾಕ್ಕೆ ಸ್ಥಳಾಂತರವಾಯಿತು. ಮುಚ್ಚಿದ್ದರಿಂದ ಐರಿಷರು ಕುಡಿತ ಬಿಟ್ಟರು ಎನ್ನುವವರೂ, ಮನೆಯಲ್ಲಿ ಕುಡಿದು ಹಾಳಾದರು ಎನ್ನುವವರೂ ಈ ಅಂಕಿಯನ್ನು ಅರ್ಧ ಮಾತ್ರ ಓದುತ್ತಾರೆ.

ಹಣದ ವಿಚಾರವನ್ನು ಯಾರೂ ಎತ್ತದಿರುವುದರಿಂದ ನಾನೇ ಎತ್ತುತ್ತೇನೆ. ಕೆಲಸ ಕಳೆದುಕೊಂಡವರಿಗೆ ಸರ್ಕಾರ 2020ರ ಮಾರ್ಚ್ ಕೊನೆಯಿಂದ ವಾರಕ್ಕೆ 350 ಯೂರೋ ಕೊಟ್ಟಿತು. ಸ್ವಂತ ಉದ್ಯೋಗ ಮಾಡುವವರಿಗೂ ಅದು ಸಿಕ್ಕಿತು. ಅಕ್ಟೋಬರ್‌ನಲ್ಲಿ ಬಂದ ಇನ್ನೊಂದು ಯೋಜನೆಯಲ್ಲಿ ಮುಚ್ಚಿದ ಉದ್ಯಮಗಳಿಗೆ ಹಿಂದಿನ ವಹಿವಾಟಿಗೆ ತಕ್ಕಂತೆ ವಾರಕ್ಕೆ ಗರಿಷ್ಠ 5,000 ಯೂರೋವರೆಗೆ ನೆರವು ದೊರೆಯಿತು. ಗಮನಿಸಬೇಕಾದದ್ದು ಅಳತೆ ಹಿಂದಿನ ವಹಿವಾಟಿನದು ಎಂಬುದನ್ನು. ದೊಡ್ಡ ವಹಿವಾಟಿನ ನಗರದ ಪಬ್ಬು ಉಸಿರು ಹಿಡಿದುಕೊಂಡಿತು. ಕೆರ್ರಿಯ ಮಳೆಯವರು ಹೇಳಿದಂಥ ಪಬ್ಬಿಗೆ ಬಂದದ್ದು ವಿಮೆಯ ಕಂತು, ವಿದ್ಯುತ್ ಬಿಲ್ಲಿಗೆ ಸಾಲುವಷ್ಟು.

ವಿಮೆಯ ಕಥೆ ಇನ್ನೂ ಸ್ವಾರಸ್ಯದ್ದು. ಸಾಂಕ್ರಾಮಿಕದಿಂದ ವ್ಯವಹಾರ ನಿಂತರೆ ಪರಿಹಾರ ಸಿಗುತ್ತದೆ ಎಂಬ ಷರತ್ತು ತಮ್ಮ ಪಾಲಿಸಿಯಲ್ಲಿದೆ ಎಂದು ನಾಲ್ಕು ಪಬ್‌ಗಳು ಎಫ್‌ಬಿಡಿ ವಿಮಾ ಕಂಪನಿಯ ವಿರುದ್ಧ ಹೈಕೋರ್ಟಿಗೆ ಹೋದವು. ಅವುಗಳಲ್ಲೊಂದು, ಐರ್ಲೆಂಡಿನ ಅತಿ ಹಳೆಯ ಪಬ್ಬು ಎಂದು ಹೇಳಿಕೊಳ್ಳುವ ಅಥ್ಲೋನಿನ ಶಾನ್ಸ್ ಬಾರ್. 2021ರ ಫೆಬ್ರುವರಿ 5ರಂದು ತೀರ್ಪು ಪಬ್‌ಗಳ ಪರ ಬಂತು. ಅದೇ ಷರತ್ತಿನ ಪಾಲಿಸಿ ಹೊಂದಿದ್ದ ಬೇರೆ ಪಬ್‌ಗಳಿಗೂ ಅದು ದಾರಿಯಾಯಿತು.

ಒಂದು ಅಡ್ಡಮಾತು: ಮಾರ್ಚ್‌ನಲ್ಲಿ ಪಬ್‌ಗಳ ನೆಲಮಾಳಿಗೆಗಳಲ್ಲಿ ಉಳಿದ ಪೀಪಾಯಿಗಳನ್ನು ಗಿನ್ನೆಸ್ ಬಿಯರ್ ಕಂಪನಿ ವಾಪಸು ತರಿಸಿಕೊಂಡು, ಹಳಸಿದ ಬಿಯರನ್ನು ಕ್ರಿಸ್ಮಸ್ ಮರಗಳ ತೋಟಗಳಿಗೆ ಗೊಬ್ಬರವಾಗಿ ಹರಿಸಿತು. ಆ ವರ್ಷದ ಮರಗಳು ಹೇಗೆ ಬೆಳೆದವೆಂದು ನಮ್ಮ ಐರಿಷ್ ಸ್ನೇಹಿತರು ಇಂದಿಗೂ ತಮಾಷೆ ಮಾಡುತ್ತಾರೆ.


ಲೀ ನದಿ (ಕಾರ್ಕ್)

ಆಗ ನಾನು ವಿದ್ಯಾರ್ಥಿ, ಊಟ ಕೊಡುವ ಪಬ್ಬೊಂದರಲ್ಲಿ ವಾರಕ್ಕೆ ಇಪ್ಪತ್ತು ಗಂಟೆ ಕೆಲಸ ಮಾಡುತ್ತಿದ್ದೆ. ಮೇಜಿನ ಈಚೆ ಕುಳಿತವರ ವಾದಗಳೆಲ್ಲ ಆದವು. ಆಚೆ ನಿಂತವರದನ್ನೂ ಕೇಳಿ.

ಗಣನೀಯ ಊಟ ವಾಸ್ತವದಲ್ಲಿ ಹೀಗಿತ್ತು. ನಾಲ್ವರು ಬರುತ್ತಾರೆ, ನಾಲ್ಕು ತಟ್ಟೆ ಸಾಸೇಜು-ಚಿಪ್ಸ್ ಹೇಳುತ್ತಾರೆ, ಎರಡು ತಟ್ಟೆಯನ್ನು ಮುಟ್ಟುವುದೇ ಇಲ್ಲ. ನಾನು ಆ ತಣ್ಣಗಾದ ತಟ್ಟೆಯನ್ನು ಎತ್ತಲು ಹೋದರೆ ‘ಇರಲಿ ಬಿಡು, ಗಾರ್ಡಾ ಬಂದರೆ ತೋರಿಸಲು ಬೇಕಾಗುತ್ತದೆ’ ಎನ್ನುತ್ತಾರೆ. ಗಾರ್ಡಾ, ಅಂದರೆ ಇಲ್ಲಿನ ಪೊಲೀಸರು, ಜುಲೈನಿಂದ ಪಬ್‌ಗಳ ತಪಾಸಣೆಗೆ ಬರುತ್ತಿದ್ದದ್ದು ನಿಜ. ಬಹುಪಾಲು ಪಬ್‌ಗಳು ನಿಯಮ ಪಾಲಿಸುತ್ತಿವೆ ಎಂದು ಅವರೇ ಹೇಳುತ್ತಿದ್ದರು. ಸಮಯ ಮೀರಿದ ಮೇಜಿಗೆ ಹೋಗಿ ‘ದಯವಿಟ್ಟು ಏಳಿ’ ಎಂದು ಹೇಳುವ ಕೆಲಸ ನನ್ನಂಥವರದು. ಆಗಲೇ ಮೂರು ಪಿಂಟ್ ಇಳಿದಿರುವ, ನನ್ನ ಎರಡರಷ್ಟು ದೇಹದ ವ್ಯಕ್ತಿಗೆ, ವಿದೇಶಿ ಉಚ್ಚಾರಣೆಯಲ್ಲಿ, ಮಾಸ್ಕಿನ ಹಿಂದಿನಿಂದ ಇದನ್ನು ಹೇಳುವುದು ಹೇಗಿರುತ್ತದೆ ಎಂಬುದನ್ನು ಊಹಿಸಿಕೊಳ್ಳಿ. ಮಾಲೀಕರು ಒಮ್ಮೆಯೂ ಆ ಮಾತು ಹೇಳಲು ಬರಲಿಲ್ಲ.

ಇನ್ನು 2021ರ ಜುಲೈ 26. ಒಳಗೆ ಕೂರಲು ಲಸಿಕೆ ಪೂರ್ಣಗೊಂಡ ಅಥವಾ ಕೋವಿಡ್‌ನಿಂದ ಗುಣವಾದ ಪ್ರಮಾಣಪತ್ರ ಬೇಕಿತ್ತು. ಲಸಿಕೆಯನ್ನು ವಯಸ್ಸಿನ ಕ್ರಮದಲ್ಲಿ, ಹಿರಿಯರಿಂದ ಆರಂಭಿಸಿ ಕೊಡುತ್ತಿದ್ದರಿಂದ ಇಪ್ಪತ್ತರ ಹರೆಯದ ನಮ್ಮಲ್ಲಿ ಅನೇಕರಿಗೆ ಎರಡನೇ ಡೋಸ್ ಆಗಿರಲಿಲ್ಲ. ಪ್ರಮಾಣಪತ್ರವಿಲ್ಲದ ನಾನು ಆ ಕೋಣೆಯೊಳಗೆ ಎಂಟು ಗಂಟೆ ಗಾಜಿನ ಲೋಟ ಹೊರಬಹುದಿತ್ತು, ಪಾಳಿ ಮುಗಿದ ಮೇಲೆ ಅದೇ ಕೋಣೆಯಲ್ಲಿ ಕುಳಿತು ಒಂದು ಲೋಟ ಕುಡಿಯುವಂತಿರಲಿಲ್ಲ. ಇದಕ್ಕೆ ಆರೋಗ್ಯಶಾಸ್ತ್ರದ ಸಮರ್ಥನೆ ಯಾರ ಬಳಿಯಾದರೂ ಇದ್ದರೆ ಕೇಳಲು ಸಿದ್ಧನಿದ್ದೇನೆ.

ಸರ್ಕಾರದ ಬಗ್ಗೆ ಒಂದು ಒಳ್ಳೆಯ ಮಾತೂ ಇದೆ: ವಾರದ ಆ ನೆರವು ಯುರೋಪಿನ ಹೊರಗಿನಿಂದ ಬಂದು ಅರೆಕಾಲಿಕ ಕೆಲಸ ಕಳೆದುಕೊಂಡ ವಿದ್ಯಾರ್ಥಿಗಳಿಗೂ ಸಿಕ್ಕಿತು. ಬಾಡಿಗೆ ಕಟ್ಟಿದ್ದು ಅದರಿಂದ.


ಲಿಫಿ ದಂಡೆ (ಡಬ್ಲಿನ್)

ಲೀ ನದಿಯವರ ತಣ್ಣನೆಯ ತಟ್ಟೆಗಿಂತ ಒಳ್ಳೆಯ ಸಾಕ್ಷ್ಯ ನನ್ನ ವಾದಕ್ಕೆ ಬೇಕಿಲ್ಲ. ಇಂಗ್ಲೆಂಡಿನಲ್ಲೂ ಡಿಸೆಂಬರ್ ವೇಳೆಗೆ ಇದೇ ನಿಯಮ ಬಂದು, ಮೊಟ್ಟೆಯನ್ನು ಮಾಂಸದಲ್ಲಿ ಸುತ್ತಿ ಕರಿದ ಸ್ಕಾಚ್ ಎಗ್ ಗಣನೀಯ ಊಟವೇ ಅಲ್ಲವೇ ಎಂದು ಸಚಿವರು ಟಿವಿಯಲ್ಲಿ ವಿವರಣೆ ಕೊಡುವ ಪರಿಸ್ಥಿತಿ ಬಂದಿತ್ತು.

ರಾತ್ರಿಪಾಳಿಯವರು ಹೇಳಿದ ಜನವರಿಯ ಸಂಕಟವನ್ನು ಕಿರಿದು ಮಾಡುತ್ತಿಲ್ಲ. ಆದರೆ ಅವರ ಉದಾಹರಣೆ ನನ್ನ ಮಾತಿಗೇ ಬಲ ಕೊಡುತ್ತದೆ: ಆ ಡಿಸೆಂಬರ್‌ನಲ್ಲಿ ತೆರೆದದ್ದು ಊಟದ ಪಬ್ಬು, ರೆಸ್ಟೋರೆಂಟುಗಳೇ. ಅಡುಗೆಮನೆ ಇಲ್ಲದವು ಆಗಲೂ ಮುಚ್ಚಿದ್ದವು. ಒಂಬತ್ತು ಯೂರೋ ತಟ್ಟೆ ಸೋಂಕನ್ನು ತಡೆಯುವುದಾಗಿದ್ದರೆ ಆಗ ತಡೆಯಬೇಕಿತ್ತು.

ಈ ವಿಂಗಡಣೆಯ ಹಿಂದೆ ಕುಡುಕರ ಬಗೆಗಿನ ಹಳೆಯ ಅನುಮಾನ ಇತ್ತು ಎಂದೇ ನನ್ನ ನಂಬಿಕೆ. ಇದು 1838ರಲ್ಲಿ ಪಾದ್ರಿ ಮ್ಯಾಥ್ಯೂ ಕಾರ್ಕ್‌ನಿಂದ ಆರಂಭಿಸಿದ ಪಾನವಿರೋಧಿ ಚಳವಳಿಯಲ್ಲಿ ಲಕ್ಷಾಂತರ ಜನ ಪ್ರತಿಜ್ಞೆ ತೊಟ್ಟ ದೇಶ. 1898ರಲ್ಲಿ ಹುಟ್ಟಿದ, ಮದ್ಯ ಮುಟ್ಟದವರ ಪಯೋನಿಯರ್ ಸಂಘದ ಬ್ಯಾಡ್ಜನ್ನು ಕೋಟಿಗೆ ಚುಚ್ಚಿಕೊಂಡ ಅಜ್ಜಂದಿರು ಇನ್ನೂ ಕಾಣಸಿಗುತ್ತಾರೆ. 1927ರ ಕಾಯ್ದೆಯಿಂದ ಗುಡ್ ಫ್ರೈಡೇ ದಿನ ಮುಚ್ಚುತ್ತಿದ್ದ ಪಬ್‌ಗಳು ಆ ದಿನ ಮೊದಲ ಬಾರಿಗೆ ತೆರೆದದ್ದು 2018ರಲ್ಲಿ, ಅಂದರೆ ಕೋವಿಡ್‌ಗೆ ಎರಡೇ ವರ್ಷ ಮೊದಲು. ಊಟದ ಜೊತೆಗಿನ ವೈನ್ ಸಭ್ಯ, ಕೌಂಟರಿನ ಮುಂದಿನ ಪಿಂಟ್ ಅಸಭ್ಯ ಎಂಬ ಭಾವನೆ ಹೊಸದಲ್ಲ.

ಆ ಭಾವನೆ ಬಯಲಿಗೆ ಬಿದ್ದದ್ದು 2020ರ ಆಗಸ್ಟ್ 19ರಂದು. ಕೂಟಗಳ ಮಿತಿಯನ್ನು ಬಿಗಿಗೊಳಿಸಿದ ಮರುದಿನವೇ ಕ್ಲಿಫ್ಡೆನ್ನಿನ ಹೋಟೆಲಿನಲ್ಲಿ ಸಂಸತ್ತಿನ ಗಾಲ್ಫ್ ಕೂಟದ ಭೋಜನಕ್ಕೆ 80ಕ್ಕೂ ಹೆಚ್ಚು ಜನ ಸೇರಿದರು. ಕೃಷಿ ಸಚಿವ ಡಾರಾ ಕ್ಯಾಲರಿ ಎರಡು ದಿನದಲ್ಲಿ, ಐರೋಪ್ಯ ಆಯೋಗದ ಸದಸ್ಯ ಫಿಲ್ ಹೋಗನ್ ಒಂದು ವಾರದಲ್ಲಿ ರಾಜೀನಾಮೆ ಕೊಟ್ಟರು. ಕಾನೂನು ಮುರಿಯಿತೆಂದು ಹೂಡಿದ ಮೊಕದ್ದಮೆಯಲ್ಲಿ ಆರೋಪಿಗಳೆಲ್ಲ 2022ರಲ್ಲಿ ಖುಲಾಸೆಯಾದರು ಎಂಬುದನ್ನೂ ಹೇಳಬೇಕು. ಆದರೆ ಆ ಆಗಸ್ಟ್‌ನಲ್ಲಿ ಐದು ತಿಂಗಳಿನಿಂದ ಬಾಗಿಲು ಮುಚ್ಚಿದ್ದ ಪಬ್ಬಿನ ಮಾಲೀಕನಿಗೆ ಕಂಡದ್ದು ಇಷ್ಟೇ: ಹೋಟೆಲಿನಲ್ಲಿ, ತಟ್ಟೆಯ ಮುಂದೆ, ದೊಡ್ಡವರಾದರೆ ಸೇರಬಹುದು.


ರಾತ್ರಿಪಾಳಿ (ಲಿಮರಿಕ್)

ಪಾನವಿರೋಧಿ ಚಳವಳಿಯನ್ನು ಇಲ್ಲಿಗೆ ಎಳೆದು ತಂದದ್ದು ಅತಿಯಾಯಿತು. ಕುಡಿತದ ಮೇಲೆ ಅಷ್ಟು ಅನುಮಾನವಿದ್ದ ಸರ್ಕಾರ ಬಾಟಲಿ ಅಂಗಡಿಗಳನ್ನು ಅಗತ್ಯ ಸೇವೆಯ ಪಟ್ಟಿಯಲ್ಲಿ ಇಡುತ್ತಿರಲಿಲ್ಲ. ಮಲ್ಲೇಶ್ವರದವರ ಮಾತೇ ಸರಿ, ಗುರಿ ಇಟ್ಟದ್ದು ಕೂಟಕ್ಕೆ.

ಡಿಸೆಂಬರ್ ಬಗೆಗಿನ ಲಿಫಿ ದಂಡೆಯವರ ಮಾತನ್ನು ಮಾತ್ರ ನಾನು ತಳ್ಳಿಹಾಕಲಾರೆ, ಆದರೆ ಅದರಿಂದ ಅವರು ತೆಗೆಯುವ ಅರ್ಥ ಬೇರೆ, ನಾನು ತೆಗೆಯುವುದು ಬೇರೆ. ತಟ್ಟೆ ರಕ್ಷಿಸಲಿಲ್ಲ ಎಂಬುದರಿಂದ ‘ಎಲ್ಲರನ್ನೂ ತೆರೆಯಬೇಕಿತ್ತು’ ಎಂದಾಗುವುದಿಲ್ಲ, ‘ಯಾರನ್ನೂ ತೆರೆಯಬಾರದಿತ್ತು’ ಎಂದೂ ಆಗಬಹುದು. ಅಕ್ಟೋಬರ್ ಆರಂಭದಲ್ಲಿ ನೆಫೆಟ್ ಐದನೇ ಹಂತದ, ಅಂದರೆ ಅತ್ಯಂತ ಕಠಿಣ ನಿರ್ಬಂಧ ಕೇಳಿದಾಗ ಸರ್ಕಾರ ಒಪ್ಪದೆ ಮೂರನೇ ಹಂತಕ್ಕೆ ನಿಂತಿತು, ಆಗ ಉಪಪ್ರಧಾನಿಯಾಗಿದ್ದ ವರಾಡ್ಕರ್ ಟಿವಿಯಲ್ಲಿ ಆ ತಂಡವನ್ನು ಬಹಿರಂಗವಾಗಿ ಟೀಕಿಸಿದರು. ಅಕ್ಟೋಬರ್ 21ರ ಮಧ್ಯರಾತ್ರಿ ಐದನೇ ಹಂತವೇ ಜಾರಿಗೆ ಬಂತು. ಆ ಎರಡೂವರೆ ವಾರ ಯಾರಿಗೂ ಒಳ್ಳೆಯದು ಮಾಡಲಿಲ್ಲ, ಪಬ್ಬಿನ ಮಾಲೀಕರಿಗೂ.

ಕೆರ್ರಿಯ ಮಳೆಯವರ ಎಂಟು ಮುದುಕರ ಬಗ್ಗೆ ಯೋಚಿಸುತ್ತಲೇ ಇದ್ದೇನೆ. ಮನಸ್ಸು ಒಪ್ಪುತ್ತದೆ, ಆದರೆ ಆ ಎಂಟೂ ಜನ ಎಪ್ಪತ್ತು ದಾಟಿದವರು. ಸೋಂಕು ಆ ಕೋಣೆಗೆ ಹೊಕ್ಕಿದ್ದರೆ ನನ್ನ ವಾರ್ಡಿಗೆ ಮೊದಲು ಬರುತ್ತಿದ್ದವರು ಅವರೇ. ಪೀಟ್ ಒಲೆಯ ಬೆಚ್ಚಗಿನ, ಕಿಟಕಿ ಬಿಗಿದ ಕೋಣೆಯಲ್ಲಿ ಎರಡು ಮೀಟರ್ ದೂರ ಕುಳಿತರೂ ಎಲ್ಲರೂ ಉಸಿರಾಡುವುದು ಒಂದೇ ಗಾಳಿಯನ್ನು. ನನ್ನ ನಿಜವಾದ ದೂರು ಇರುವುದು ಅಲ್ಲಿ. 2020ರ ಇಡೀ ವರ್ಷ ನಿಯಮಗಳು ಮೀಟರು, ನಿಮಿಷ, ಯೂರೋಗಳ ಸುತ್ತಲೇ ತಿರುಗಿದವು. ಮೇಜು ಒರೆಸುವುದಕ್ಕೆ ಕೊಟ್ಟ ಮಹತ್ವವನ್ನು ಗಾಳಿಯ ಓಡಾಟಕ್ಕೆ ಕೊಡಲಿಲ್ಲ. ಕೋಣೆಯ ಇಂಗಾಲದ ಡೈಆಕ್ಸೈಡ್ ಮಟ್ಟ ತೋರಿಸುವ ಅಂಗೈಯಗಲದ ಯಂತ್ರವೊಂದನ್ನು ಗೋಡೆಗೆ ತೂಗುಹಾಕಿದ್ದರೆ, ಅಡುಗೆಮನೆ ಇದೆಯೋ ಇಲ್ಲವೋ ಎಂಬ ಪ್ರಶ್ನೆಯೇ ಬರುತ್ತಿರಲಿಲ್ಲ. ಗಾಳಿ ಆಡುವ ಪಬ್ಬು ತೆರೆಯಬಹುದು, ಆಡದಿದ್ದರೆ ಮುಚ್ಚಬೇಕು.


ಕೆರ್ರಿಯ ಮಳೆ

ಈ ಅಳತೆಗೋಲನ್ನು ನಮ್ಮ ಪಬ್ಬಿನ ಮಾಲೀಕರು ಸಂತೋಷದಿಂದ ಒಪ್ಪುತ್ತಿದ್ದರು ಎಂದುಕೊಳ್ಳುತ್ತೇನೆ, ಬಾಗಿಲು ತೆರೆದಿಟ್ಟರೆ ಅಟ್ಲಾಂಟಿಕ್ಕಿನ ಗಾಳಿ ನೇರ ಒಳಗೆ ನುಗ್ಗುವ ಜಾಗ ಅದು. ಮುದುಕರು ಕೋಟು ಬಿಚ್ಚದೆ ಕೂರುತ್ತಿದ್ದರು, ಅಷ್ಟೇ. ರಾತ್ರಿಪಾಳಿಯವರೇ, ಎಪ್ಪತ್ತು ದಾಟಿದವರ ಅಪಾಯದ ಬಗ್ಗೆ ನೀವು ಹೇಳಿದ್ದು ಸತ್ಯ. ಆದರೆ ಆ ಅಪಾಯವನ್ನು ತೂಗಿ ನೋಡುವ ಅವಕಾಶ ಅವರಿಗೇ ಇರಬೇಕಿತ್ತೇ ಇಲ್ಲವೇ ಎಂಬ ಪ್ರಶ್ನೆಗೆ ನೀವು ಇನ್ನೂ ಉತ್ತರಿಸಿಲ್ಲ.


ರಾತ್ರಿಪಾಳಿ (ಲಿಮರಿಕ್)

ಅವರ ಅಪಾಯ ಅವರಲ್ಲೇ ನಿಲ್ಲುವುದಾಗಿದ್ದರೆ ಖಂಡಿತ ಇರಬೇಕಿತ್ತು. ಅವರನ್ನು ನೋಡಿಕೊಳ್ಳಲು ಮನೆಗೆ ಬರುವ ಸಹಾಯಕಿ ಮಧ್ಯಾಹ್ನ ಇನ್ನೊಂದು ಮನೆಗೆ ಹೋಗುತ್ತಾಳೆ, ಸಂಜೆ ನಿಮ್ಮ ಹೆಂಡತಿ ಕೆಲಸ ಮಾಡುವಂಥ ವೃದ್ಧಾಶ್ರಮಕ್ಕೆ ಹೋಗುತ್ತಾಳೆ. ಅವಳ ಪರವಾಗಿ ತೂಗಿ ನೋಡುವವರು ಯಾರು ಎಂಬುದಕ್ಕೆ ಎಲ್‌ವಿಎ, ವಿಎಫ್‌ಐ ಸಂಘಗಳ ಯಾವ ಮನವಿಯಲ್ಲೂ ನಾನು ಉತ್ತರ ಕಂಡಿಲ್ಲ. ಕೋವಿಡ್ ಮೌಲ್ಯಮಾಪನ ಸಮಿತಿಗೆ ಬರೆಯುವುದಾದರೆ ಗಾಳಿಯ ವಿಷಯವನ್ನೂ ಈ ಸಹಾಯಕಿಯ ವಿಷಯವನ್ನೂ ಒಂದೇ ಪತ್ರದಲ್ಲಿ ಬರೆಯೋಣ, ಕರಡನ್ನು ನಾನು ಭಾನುವಾರದ ಒಳಗೆ ಇಲ್ಲಿ ಹಾಕುತ್ತೇನೆ.